ಯುಗಾದಿ ಊಟಕ್ಕೆ ಎಲ್ಲರನ್ನೂ ಕರೆದರೆ ಏನು ಬಡಿಸೋದು?

ಬೆಂಗಳೂರಿನಲ್ಲಿದ್ದೇವೆ. ನಮ್ಮನೆಯವರು ಮಂಗಳೂರು ಕಡೆಯ ಕ್ಯಾಥೊಲಿಕರು, ಪಕ್ಕದ ಮನೆಯವರು ಗುಜರಾತಿ ಜೈನರು, ಆಫೀಸಿನ ಗೆಳತಿ ಮುಸ್ಲಿಂ. ಇನ್ನೊಬ್ಬ ಸ್ನೇಹಿತನಿಗೆ ಗೋಧಿ ಆಗುವುದಿಲ್ಲ. ಯುಗಾದಿಗೆ ಎಲ್ಲರನ್ನೂ ಕರೆಯುವ ಆಸೆ. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಮಾಡಬೇಕಾ? ಅನುಭವ ಇದ್ದವರು ಹೇಳಿ.

ಮಲ್ಲೇಶ್ವರದಿಂದ:
ಖಂಡಿತ ಬೇಡ, ಸುಸ್ತಾಗುತ್ತೀರಿ. ಅಡುಗೆಗಿಂತ ಮೊದಲು ಹೊತ್ತು ನೋಡಿಕೊಳ್ಳಿ. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂತು, ಮರುದಿನವೇ ರಂಜಾನ್ ಹಬ್ಬ. ಅಂದರೆ ಯುಗಾದಿ ದಿನ ಅವರಿಗೆ ಉಪವಾಸ. ಮಧ್ಯಾಹ್ನ ಕರೆದರೆ ಇಬ್ಬರಿಗೂ ಮುಜುಗರ, ಅಲ್ವಾ? ಹಾಗಂತ ರಾತ್ರಿಗೆ ಇಟ್ಟರೆ, ಜೈನರಲ್ಲಿ ಕಟ್ಟುನಿಟ್ಟಾಗಿ ಇರುವವರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ನಾವು ಸಂಜೆ ಐದಕ್ಕೆ ಒಂದು ಪಂಕ್ತಿ ಹಾಕಿದೆವು. ಆರೂವರೆ ದಾಟಿದ ಮೇಲೆ ಖರ್ಜೂರ, ಪಾನಕ, ಆಮೇಲೆ ಎರಡನೇ ಪಂಕ್ತಿ. ಅಡುಗೆ ಎರಡಕ್ಕೂ ಒಂದೇ.

ಧಾರವಾಡದಿಂದ:
ನಮ್ಮ ಹಬ್ಬದಡುಗೆಯಲ್ಲಿ ಬದಲಿಸುವುದು ಬಹಳ ಕಡಿಮೆ. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಹಸಿಶುಂಠಿ ಬೇಡ. ಕೋಸಂಬರಿಗೆ ಸೌತೆಕಾಯಿ, ಮಾವಿನಕಾಯಿ ಸಾಕು. ಹೋಳಿಗೆ ಅವರಿಗೆ ಹೊಸದೇನಲ್ಲ. ಗುಜರಾತಿ ಮನೆಗಳಲ್ಲಿ ತೊಗರಿಬೇಳೆ ಹೂರಣದ ವೇಡ್ಮಿ ಮಾಡುತ್ತಾರೆ. ನಾವು ಕಡ್ಲೆಬೇಳೆಯವರು, ಯಾವುದು ರುಚಿ ಅಂತ ಊಟ ಮುಗಿಯುವವರೆಗೂ ಜಗಳ!

ನಿಜವಾದ ಕಷ್ಟ ಗೋಧಿಯದು. ಮೈದಾ, ಚಿರೋಟಿ ರವೆ ಎರಡೂ ಗೋಧಿಯೇ. ಆ ಸ್ನೇಹಿತನಿಗೆ ಹೂರಣವನ್ನೇ ಉಂಡೆ ಕಟ್ಟಿ, ತುಪ್ಪ ಹಾಕಿ ಕೊಡಿ. ಕಣಕ ಮುಟ್ಟಿದ ಕೈಯಲ್ಲಿ ಕಟ್ಟಬೇಡಿ, ಮೊದಲೇ ತೆಗೆದಿಡಿ. ಶ್ಯಾವಿಗೆ ಬಿಟ್ಟು ಹೆಸರುಬೇಳೆ ಪಾಯಸ ಮಾಡಿ. ಜಾಸ್ತಿ ಜನರಿಗೆ ಗೊತ್ತಿಲ್ಲದ ವಿಷಯ ಇಂಗು. ಡಬ್ಬಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬಿ ಮೇಲೆ ಓದಿ, ಇಲ್ಲವೇ ಚಿತ್ರಾನ್ನದ ಒಗ್ಗರಣೆಗೆ ಇಂಗನ್ನೇ ಬಿಡಿ.

ಮಂಡ್ಯದಿಂದ:
ಎಲ್ಲರೂ ಯುಗಾದಿ ದಿನವೇ ಬರಬೇಕು ಅಂತ ಏನಿದೆ? ನಮ್ಮ ಕಡೆ ಮರುದಿನ ಹೊಸತೊಡಕು, ಮಾಂಸದೂಟ. 2025ರಲ್ಲಿ ಅದೂ ರಂಜಾನ್ ಹಬ್ಬವೂ ಒಂದೇ ದಿನ. ಪಕ್ಕದ ಮನೆಯಿಂದ ಬಿರಿಯಾನಿ ಬಂತು, ನಮ್ಮಿಂದ ಮುದ್ದೆ, ನಾಟಿಕೋಳಿ ಸಾರು ಹೋಯಿತು. ಕೋಳಿಯನ್ನು ಹಲಾಲ್ ಅಂಗಡಿಯಿಂದಲೇ ತಂದಿದ್ದೆವು. ಇದನ್ನು ಅವರಿಗೆ ಮೊದಲೇ ಹೇಳಿಬಿಡಿ, ಅವರಾಗಿ ಕೇಳಲು ಸಂಕೋಚಪಡುತ್ತಾರೆ. ನಿಮ್ಮನೆಯವರನ್ನೂ ಕೇಳಿಕೊಳ್ಳಿ. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಕೆಲವರು ಮಾಂಸ ಬಿಟ್ಟಿರುತ್ತಾರೆ.

ಮಲ್ಲೇಶ್ವರದಿಂದ ಮತ್ತೆ:
ಒಂದು ಬಿಟ್ಟುಹೋಯಿತು. ಎಲ್ಲರೂ ಒಂದೊಂದು ತಿಂಡಿ ತರಲಿ ಅಂತ ಹೇಳುವುದು ಸುಲಭ, ಆದರೆ ಯಾವುದರಲ್ಲಿ ಮೊಟ್ಟೆ, ಯಾವುದರಲ್ಲಿ ಬೆಳ್ಳುಳ್ಳಿ ಅಂತ ಗೊತ್ತಾಗುವುದಿಲ್ಲ. ತಂದವರೇ ಚೀಟಿ ಬರೆದು ಪಾತ್ರೆಗೆ ಅಂಟಿಸಲಿ. ಮತ್ತೆ, ಬೇವು-ಬೆಲ್ಲದಲ್ಲಿ ಬೇವು ಹೆಸರಿಗಷ್ಟೇ ಇರಲಿ. ಮೊದಲ ಸಲ ತಿನ್ನುವವರ ಮುಖ ನೋಡಿದ್ದೀರಾ?