ಸ್ಟಾಕ್ ಫೋಟೊ: ಗಿರಾಕಿ ಏನು ಹುಡುಕ್ತಾನ? (ಗ್ರೂಪಿನ ಪ್ರಶ್ನೋತ್ತರ; ಕೇಳಿದವರ ಹೆಸರಿನ ಬದಲು ಊರು)

ಅಡ್ಮಿನ್: ಇವತ್ತು ಉತ್ತರ ಕೊಡೋ ಸರ್ ಅವರ ಕಸುಬೇ ಸ್ಟಾಕ್ ತಾಣಗಳಿಗೆ, ಅಂದ್ರ ಆನ್‌ಲೈನ್‌ನಾಗ ಫೋಟೊ ಮಾರೋ ತಾಣಗಳಿಗೆ, ಕೀವರ್ಡ್ (ಗಿರಾಕಿ ಹುಡುಕೋ ಪದ, ಟ್ಯಾಗ್) ಬರೆಯೋದು. ಹುಡುಕಾಟದ ಡೇಟಾ ಬಗ್ಗೆ ಅಷ್ಟ ಕೇಳ್ರಿ.

ಗಂಗಾವತಿ: ಸರ್, ಅಲಾಮಿ ಅನ್ನೋ ಸ್ಟಾಕ್ ತಾಣದೊಳಗ ನನ್ನ ನೆಲ್ಲು ನಾಟಿ ಫೋಟೊಗಳಿಗೆ 1,200 ವ್ಯೂ (ಹುಡುಕಾಟದಾಗ ಕಂಡದ್ದು), 2 ಝೂಮ್ (ಒತ್ತಿ ದೊಡ್ಡದು ಮಾಡಿ ನೋಡಿದ್ದು), ಸೇಲ್ ಸೊನ್ನೆ. ಸ್ಕ್ರೀನ್‌ಶಾಟ್ ಹಾಕೀನಿ. ಫೋಟೊನ ಸರಿ ಇಲ್ಲೇನು?

ಸರ್: ಫೋಟೊ ಚಲೋ ಅದಾವು, ಟ್ಯಾಗ್ ಕೆಟ್ಟಾವು. 2ನ್ನ 1,200ರಿಂದ ಭಾಗಿಸಿ ನೂರರಿಂದ ಗುಣಿಸ್ರಿ: ಸಿಟಿಆರ್, ಅಂದ್ರ ನೂರು ವ್ಯೂಗೆ ಎಷ್ಟು ಝೂಮ್ ಅನ್ನೋದು, 0.17. ಒಟ್ಟು ವ್ಯೂ ಬಿಡ್ರಿ, ಅಲಾಮಿಯ ಅಂಕಿ-ಅಂಶದ ಪುಟ 'ಮೆಷರ್ಸ್'ನಾಗ ಯಾವ ಹುಡುಕಾಟಕ್ಕ ಬಂದಾವು ಅನ್ನೋ ಸಾಲು ಓದ್ರಿ. ನಿಮ್ಮವು ಬಹಳಷ್ಟು 'ವುಮನ್ ವಾಟರ್', 'ಇಂಡಿಯಾ ಗ್ರೀನ್'ಗೆ ಬಂದಾವು. 'ವುಮನ್ ವಾಟರ್' ಅಂತ ಹುಡುಕಿದಾವ್ಗ ನೀರು ಕುಡಿಯೋ ಹೆಣ್ಮಗಳು ಬೇಕಿತ್ತು. ಕೆಸರಿನ್ಯಾಗ ಬಗ್ಗಿ ಸಸಿ ಹಚ್ಚೋರ ಬೆನ್ನು ಕಂಡು ದಾಟಿ ಹೋದ. ಎರಡೂ ಝೂಮ್ 'ರೈಸ್ ಟ್ರಾನ್ಸ್‌ಪ್ಲಾಂಟಿಂಗ್ ಇಂಡಿಯಾ'ದಿಂದ ಬಂದಾವು ನೋಡ್ರಿ.

ವಾಟರ್, ಗ್ರೀನ್, ನೇಚರ್ ಟ್ಯಾಗ್ ತೆಗೆದು ಹಾಕ್ರಿ. 'ರೈಸ್ ಟ್ರಾನ್ಸ್‌ಪ್ಲಾಂಟಿಂಗ್' ಬಿಡಿಸದೆ ಒಂದೇ ಟ್ಯಾಗ್ ಮಾಡ್ರಿ. 10 ಸೂಪರ್‌ಟ್ಯಾಗ್ (ಮುಖ್ಯ ಅಂತ ಗುರುತು ಮಾಡೋ ಟ್ಯಾಗ್) ಕೆಲಸ, ಬೆಳೆ, ಊರಿಗೆ ಇಡ್ರಿ. ಆಮ್ಯಾಲ ಎಲ್ಲಾ ಗಿರಾಕಿಗಳ ಹುಡುಕಾಟ ತೋರಿಸೋ 'ಆಲ್ ಆಫ್ ಅಲಾಮಿ'ಯಾಗ 'ಪ್ಯಾಡಿ' ಕೊಟ್ಟು ನೋಡ್ರಿ. ಎಲ್ಲಿ ಜನ ಮತ್ತ ಮತ್ತ ಹುಡುಕ್ಯಾರ, ಝೂಮ್ ಮಾತ್ರ ಇಲ್ಲೋ, ಅಲ್ಲಿ ಅವರಿಗೆ ಬೇಕಾದ ಫೋಟೊ ಸಿಕ್ಕಿಲ್ಲದಿರಬಹುದು. ಅಂಥಾ ಫೋಟೊ ತೆಗೀರಿ: ಸಸಿ ಕಟ್ಟು ಹಿಡಿದ ಕೈ, ಕಾಲುವಿ ನೀರು ಬಿಡೋದು, ನಾಟಿ ಮಷಿನ್. ವಾರಕ್ಕೊಮ್ಮೆ ಟ್ಯಾಗ್ ಬದಲಿಸಬ್ಯಾಡ್ರಿ. 20 ವ್ಯೂಗೆ 1 ಝೂಮ್ ಬಂದ್ರೂ ಸಿಟಿಆರ್ 5 ಆಗ್ತೈತಿ, ಅಷ್ಟು ಕಡಿಮಿ ವ್ಯೂನ ಸಿಟಿಆರ್ ಲೆಕ್ಕಕ್ಕಿಲ್ಲ.

ಸಿಂಧನೂರು: ಗೂಗಲ್‌ನಾಗ ಜನ ಏನು ಹುಡುಕ್ತಾರ ಅಂತ ತೋರಿಸೋ ಗೂಗಲ್ ಟ್ರೆಂಡ್ಸ್‌ನಾಗ 'ಕಾಟನ್' 100 ತೋರಿಸ್ತೈತಿ. ನೂರು ಗಿರಾಕಿಗಳೇನು?

ಸರ್: ಅಲ್ಲ. ಆ ಅವಧಿಯ ಅತಿ ಹೆಚ್ಚಿನ ಮಟ್ಟಕ್ಕ 100 ಅಂತಾರ. ಅಲ್ಲಿ ಹುಡುಕೋರು ಫೋಟೊ ಕೊಳ್ಳೋರೂ ಅಲ್ಲ.

ಸಿರುಗುಪ್ಪ: ಫಾರ್ವರ್ಡ್ ಬಂದೈತಿ: 'ಈ 50 ಕೀವರ್ಡ್ ಎಲ್ಲಾ ಫೋಟೊಗೂ ಹಾಕಿ, ಸೇಲ್ ಗ್ಯಾರಂಟಿ'.

ಸರ್: ಅದನ್ನ ಡಿಲೀಟ್ ಮಾಡ್ರಿ. ಶಟರ್‌ಸ್ಟಾಕ್‌ನಾಗ 50, ಅಡೋಬಿ ಸ್ಟಾಕ್‌ನಾಗ 49, ಅದು ಆ ತಾಣಗಳ ಮಿತಿ; ತುಂಬಿಸಲೇಬೇಕಂತಿಲ್ಲ. ಅಡೋಬಿನ್ಯಾಗ ಮೊದಲ 10ಕ್ಕ ತೂಕ ಹೆಚ್ಚು. ನಿಮ್ಮ ಪಟ್ಟಿ ಶುರುವಾಗೋದೇ 'ಬ್ಯೂಟಿಫುಲ್'ನಿಂದ. ಸಂಬಂಧ ಇಲ್ಲದ ಪದ ಹಾಕಿದ್ರ ಫೋಟೊ ವಾಪಸ್ ಬರ್ತೈತಿ.

ಮಾನ್ವಿ: ಅಮೆರಿಕದ ತೆರಿಗಿ ಫಾರ್ಮ್ ಡಬ್ಲ್ಯೂ-8 ಬೆನ್‌ನಾಗ ಪ್ಯಾನ್ ಎಲ್ಲಿ ಹಾಕಬೇಕ್ರಿ?

ಬಳ್ಳಾರಿ: ಹಂಪಿ ಫೋಟೊಗೆ ಬಳ್ಳಾರಿ ಅಂತ ಹಾಕ್ಲೇನು?

ಹೊಸಪೇಟೆ: 2021ರಾಗ ವಿಜಯನಗರ ಜಿಲ್ಲಾ ಆತು, ಇನ್ನೂ ಬಳ್ಳಾರಿ ಅಂತೀರಲ್ಲ!

ಬಳ್ಳಾರಿ: ಲಂಡನ್ನಿನ ಎಡಿಟರ್‌ಗೆ ನಿಮ್ಮ ಜಿಲ್ಲಾ ಗೊತ್ತೇನ್ರಿ?

ಆನೆಗುಂದಿ: ಇಬ್ಬರೂ ಅಂಜನಾದ್ರಿಗೆ ಹಂಪಿ ಅಂತ ಹಾಕ್ತೀರಿ. ಅದು ಕೊಪ್ಪಳ ಜಿಲ್ಲಾ.

ಹೊಸಪೇಟೆ: ನಿಮ್ಮನ್ನ ಯಾರು ಕೇಳಿದ್ರು?

ಸರ್: ಜಗಳ ಹೊರಗ ಮಾಡ್ರಿ. 'ಹಂಪಿ', 'ಸ್ಟೋನ್ ಚಾರಿಯಟ್', 'ವಿಠ್ಠಲ ಟೆಂಪಲ್' ಮುಂದ ಇರಲಿ. ಜಿಲ್ಲಾ ಕ್ಯಾಪ್ಶನ್‌ನಾಗ ಸರಿಯಾಗಿ ಬರೀರಿ. ಬಳ್ಳಾರಿ, ಹೊಸಪೇಟೆ ಇಂಗ್ಲಿಷ್ ಸ್ಪೆಲಿಂಗ್ 2014ರಾಗ ಬದಲಾಗ್ಯಾವು. ಹಳೇದೂ ಹೊಸದೂ ಎರಡೂ ಹಾಕ್ರಿ.

ಮುನಿರಾಬಾದ್: 2024ರ ಆಗಸ್ಟ್‌ನಾಗ ಟಿಬಿ (ತುಂಗಭದ್ರಾ) ಡ್ಯಾಂ 19ನೇ ಗೇಟ್ ಕಿತ್ತು ಹೋದಾಗಿನ ಫೋಟೊ ಈಗ ನಡೀತಾವೇನು?

ಸರ್: ಸುದ್ದಿ ಹುಡುಕಾಟ ಏರಿ ಇಳೀತೈತಿ. ಡ್ಯಾಂ ಸುರಕ್ಷತೆ ಬರಹಕ್ಕ ಬೇಕಾಗ್ತಾವು. ಊರು, ತಾರೀಖು ಇಲ್ಲದ ಕ್ಯಾಪ್ಶನ್ ಯಾರಿಗೂ ಬ್ಯಾಡ.

ಕಾರಟಗಿ: ಎಷ್ಟು ಕೀವರ್ಡ್ ಹಾಕಬೇಕು ಸರ್?

ಸರ್: ಮ್ಯಾಲ ಓದ್ರಿ.

ಮಾನ್ವಿ: ಸರ್, ಪ್ಯಾನ್?

ಗಂಗಾವತಿ: ನಾಟಿ ಮಾಡೋರ ಮುಖ ಕಾಣ್ತಾವು, ರಿಲೀಸ್ (ಅವರ ಒಪ್ಪಿಗಿ ಪತ್ರ) ಇಲ್ಲ.

ಸರ್: ಎಷ್ಟು ಮಂದಿ ಅದಾರ ಅಂತ ಸಂಖ್ಯೆ ಹಾಕಿ, ರಿಲೀಸ್ 'ಇಲ್ಲ' ಅಂತ ಗುರುತು ಮಾಡ್ರಿ. ಜಾಹೀರಾತಿಗೆ ನಡ್ಯಂಗಿಲ್ಲ, ಎಡಿಟೋರಿಯಲ್‌ಗೆ (ಸುದ್ದಿ, ಬರಹಕ್ಕ) ಹೋಗ್ತೈತಿ.