ಎಂಸಿ2ಆರ್ ಹಾಕಿದರೂ ಸೆಲ್‌ಗಳು ಎಸಿಟಿಎಚ್‌ಗೆ ಸ್ಪಂದಿಸುತ್ತಿಲ್ಲ

ಪ್ರಶ್ನೆ: ಎಚ್‌ಇಕೆ-293 (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕಿಡ್ನಿ ಮೂಲದ) ಸೆಲ್‌ಗಳಿಗೆ ಮನುಷ್ಯರ ಎಂಸಿ2ಆರ್ (ಎಸಿಟಿಎಚ್ ಹಾರ್ಮೋನಿನ ರಿಸೆಪ್ಟರ್) ಪ್ಲಾಸ್ಮಿಡ್ (ಜೀನ್ ಹೊತ್ತ ಡಿಎನ್‌ಎ ಉಂಗುರ) ಟ್ರಾನ್ಸ್‌ಫೆಕ್ಟ್ ಮಾಡಿ, ಅಂದರೆ ಒಳಗೆ ಸೇರಿಸಿ, 48 ಗಂಟೆ ಆಗಿದೆ. ಎಸಿಟಿಎಚ್ (ಅಡ್ರಿನಲ್ ಗ್ರಂಥಿಯಿಂದ ಕಾರ್ಟಿಸಾಲ್ ಹೊರಡಿಸುವ ಹಾರ್ಮೋನ್) 1 ಮೈಕ್ರೋಮೋಲಾರ್‌ವರೆಗೂ ಹಾಕಿದರೂ ಸೈಕ್ಲಿಕ್ ಎಎಂಪಿ (ರಿಸೆಪ್ಟರ್ ಚುರುಕಾದರೆ ಸೆಲ್ ಒಳಗೆ ಏರುವ ಸಂಕೇತ ಅಣು) ಏರುತ್ತಿಲ್ಲ. 10 ಮೈಕ್ರೋಮೋಲಾರ್ ಫಾರ್ಸ್ಕೋಲಿನ್‌ಗೆ ಚೆನ್ನಾಗಿ ಏರುತ್ತೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಗುರುತಿಸುವ ಪರೀಕ್ಷೆ) ರಿಸೆಪ್ಟರ್‌ನ ಬ್ಯಾಂಡೂ ಇದೆ. ಎಸಿಟಿಎಚ್ ಹಾಳಾಗಿರಬಹುದಾ?

ಉತ್ತರ 1: ಮೊದಲು ಎಸಿಟಿಎಚ್ ಮೇಲೆ ಅನುಮಾನ ಬೇಡ. ಫಾರ್ಸ್ಕೋಲಿನ್ ರಿಸೆಪ್ಟರನ್ನು ಮುಟ್ಟದೆ ನೇರವಾಗಿ ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವಾದ ಅಡೆನೈಲಿಲ್ ಸೈಕ್ಲೇಸನ್ನೇ ಚುರುಕುಗೊಳಿಸುತ್ತೆ. ಅಂದರೆ ನಿಮ್ಮ ಅಳತೆ ಸರಿಯಿದೆ, ತೊಂದರೆ ಆ ಕಿಣ್ವಕ್ಕಿಂತ ಮೊದಲಿನ ಹಂತದಲ್ಲಿದೆ. ಬ್ಲಾಟ್ ತೋರಿಸುವುದು ಸೆಲ್‌ನ ಒಟ್ಟು ಪ್ರೋಟೀನ್. ಅದು ಹೊರಪೊರೆಗೆ ಬಂದಿದೆಯೋ ಇಲ್ಲವೋ ಅದರಿಂದ ತಿಳಿಯದು. ಎಂಆರ್‌ಎಪಿ ಎಂಬ ಸಹಾಯಕ ಪ್ರೋಟೀನ್ ಜೊತೆಗಿಲ್ಲದಿದ್ದರೆ ಎಂಸಿ2ಆರ್ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ (ಸೆಲ್ ಒಳಗೆ ಪ್ರೋಟೀನ್ ತಯಾರಾಗುವ ಜಾಗ) ಸಿಕ್ಕಿಕೊಳ್ಳುತ್ತೆ.

6 ಬಾವಿಯ (ಗುಳಿಯ) ಪ್ಲೇಟ್‌ನಲ್ಲಿ ಬಾವಿಗೆ ಎಂಸಿ2ಆರ್, ಎಂಆರ್‌ಎಪಿ ಎರಡೂ ಪ್ಲಾಸ್ಮಿಡ್ 0.5 ಮೈಕ್ರೋಗ್ರಾಂನಂತೆ ಹಾಕಿ ಶುರುಮಾಡಿ. ರಿಸೆಪ್ಟರ್ ಮಾತ್ರ ಇರುವ ಬಾವಿಗೆ ಖಾಲಿ ವೆಕ್ಟರ್ (ಜೀನ್ ಇಲ್ಲದ ಪ್ಲಾಸ್ಮಿಡ್) ಸೇರಿಸಿ ಡಿಎನ್‌ಎ ಸಮ ಮಾಡಿ. ಐಬಿಎಂಎಕ್ಸ್ (ಸೈಕ್ಲಿಕ್ ಎಎಂಪಿ ಒಡೆಯದಂತೆ ತಡೆಯುವ ರಾಸಾಯನಿಕ) 0.5 ಮಿಲಿಮೋಲಾರ್ ಹಾಕಿ 10 ನಿಮಿಷ ಬಿಟ್ಟು, ಆಮೇಲೆ ಎಸಿಟಿಎಚ್, 37 ಡಿಗ್ರಿಯಲ್ಲಿ 15 ನಿಮಿಷ. ಪೆಪ್ಟೈಡ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತೆ, ಹಾಗಾಗಿ 0.1% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಇರುವ ಬಫರ್‌ನಲ್ಲೇ ತೆಳುಮಾಡಿ.

ಪ್ರಶ್ನೆ: ಲ್ಯಾಬ್‌ನಲ್ಲಿ ಎಂಆರ್‌ಎಪಿಯ ಬಂಧು ಪ್ರೋಟೀನ್ ಎಂಆರ್‌ಎಪಿ2 ಇದೆ ಸರ್, ಅದು ನಡೆಯುತ್ತಾ?

ಉತ್ತರ 2: ನಡೆಯಲ್ಲ. ಅದು ರಿಸೆಪ್ಟರನ್ನು ಪೊರೆಗೆ ತಂದುಬಿಡುತ್ತೆ, ಆದರೆ ಎಸಿಟಿಎಚ್‌ಗೆ ಸಿಗ್ನಲ್ ತೀರಾ ದುರ್ಬಲ. ಎಂಆರ್‌ಎಪಿಗೆ ಎರಡು ಕೆಲಸ: ರಿಸೆಪ್ಟರನ್ನು ಪೊರೆಗೆ ಸಾಗಿಸುವುದು, ಎಸಿಟಿಎಚ್ ಅದಕ್ಕೆ ಅಂಟುವಂತೆ ಮಾಡುವುದು. ಎಂಆರ್‌ಎಪಿಯ ಎನ್-ತುದಿಯ (ಪ್ರೋಟೀನ್ ಶುರುವಾಗುವ ತುದಿ) ಬಳಿ ಇರುವ ಲ್ಯೂಸಿನ್–ಆಸ್ಪಾರ್ಟೇಟ್–ಟೈರೋಸಿನ್–ಐಸೋಲ್ಯೂಸಿನ್ ತುಣುಕನ್ನು ಬದಲಿಸಿದರೆ ಮೊದಲನೆಯದು ಉಳಿದು ಎರಡನೆಯದು ಹೋಗುತ್ತೆ. ಹೀಗಾಗಿ ಪೊರೆಯ ಮೇಲೆ ಕಂಡಿತೆಂದು ಪರೀಕ್ಷೆ ನಿಲ್ಲಿಸಬೇಡಿ.

ಪೊರೆ ನೋಡಲು ರಿಸೆಪ್ಟರ್‌ನ ಎನ್-ತುದಿಗೆ ಫ್ಲ್ಯಾಗ್ ಟ್ಯಾಗ್ (ಆ್ಯಂಟಿಬಾಡಿ ಗುರುತಿಸುವ ಚಿಕ್ಕ ಪೆಪ್ಟೈಡ್) ಕೊಟ್ಟು, ಪೊರೆ ತೂತಾಗದಂತೆ ಡಿಟರ್ಜೆಂಟ್ ಹಾಕದೆ ಸ್ಟೇನ್ ಮಾಡಿ. ಎಂಆರ್‌ಎಪಿಗೂ ಅದೇ ಟ್ಯಾಗ್ ಬೇಡವೇ ಬೇಡ. ಅದು ಒಂದಕ್ಕೊಂದು ತಲೆಕೆಳಗಾಗಿ ಜೋಡಿಯಾಗುವ ಪ್ರೋಟೀನ್. ಯಾವ ತುದಿಗೆ ಟ್ಯಾಗ್ ಹಾಕಿದರೂ ಅರ್ಧದಷ್ಟು ಹೊರಗೆ ಕಾಣುತ್ತೆ, ರಿಸೆಪ್ಟರೇ ಬಂತೆಂದು ಮೋಸಹೋಗುತ್ತೀರಿ.

ಇನ್ನೊಂದು ಕಂಟ್ರೋಲ್: ಎಸಿಟಿಎಚ್‌ನ ಬಂಧು ಹಾರ್ಮೋನಾದ ಆಲ್ಫಾ-ಎಂಎಸ್‌ಎಚ್. ಎಂಸಿ2ಆರ್ ಅದಕ್ಕೆ ಸ್ಪಂದಿಸಬಾರದು. ಸ್ಪಂದಿಸಿದರೆ ಸೆಲ್‌ನಲ್ಲಿ ಎಂಸಿ2ಆರ್‌ನದೇ ಕುಟುಂಬದ ಬೇರೆ ಮೆಲನೋಕಾರ್ಟಿನ್ ರಿಸೆಪ್ಟರ್ ಇದೆ ಎಂದರ್ಥ.

ಪ್ರಶ್ನೆ: ಒಂದು ಮಗುವಿನ ಎಂಸಿ2ಆರ್ ರೂಪಾಂತರವನ್ನೂ ಪರೀಕ್ಷಿಸಬೇಕಿದೆ. ಎಸಿಟಿಎಚ್ ತುಂಬಾ ಹೆಚ್ಚು, ಕಾರ್ಟಿಸಾಲ್ ಕಡಿಮೆ, ಚರ್ಮ ಕಪ್ಪಾಗಿದೆ.

ಉತ್ತರ 1: ಹಾಗಾದರೆ ಎಂಆರ್‌ಎಪಿ ಇಲ್ಲದೆ ಮಾಡಲೇಬೇಡಿ. ಅದಿಲ್ಲದಿದ್ದರೆ ಆರೋಗ್ಯವಂತ ರಿಸೆಪ್ಟರೂ ಕೆಟ್ಟದ್ದಾಗಿಯೇ ಕಾಣುತ್ತೆ, ನಿರಪರಾಧಿ ರೂಪಾಂತರಕ್ಕೆ ರೋಗದ ಹಣೆಪಟ್ಟಿ ಬೀಳುತ್ತೆ. ಮಗುವಿನ ಎಂಆರ್‌ಎಪಿ ಜೀನನ್ನೂ ಓದಿಸಿ. ಅದರ ದೋಷದಿಂದಲೂ ಇದೇ ಕಾಯಿಲೆ ಬರುತ್ತದೆಂದು 2005ರಿಂದ ಗೊತ್ತಿದೆ.