ಹಳೇ ಸ್ವಿಫ್ಟ್ ಡೀಸೆಲ್: ಏರ್‌ಬ್ಯಾಗ್ ದೀಪ ಮನಸ್ಸಿಗೆ ಬಂದಾಗ ಹತ್ತತೈತಿ, ಮುಂಗಡ ಟೋಕನ್ ಕೊಡ್ಲೋ ಬ್ಯಾಡೋ?

ಘಟಪ್ರಭಾ_ದಂಡಿ (ಬಾಗಲಕೋಟೆ)
ನಮಸ್ಕಾರ್ರಿ. ತಲಿ ಕೆಟ್ಟು ಬರಿಯಾಕತ್ತೀನಿ. ಸ್ವಿಫ್ಟ್ ಝಡ್‌ಡಿಐ ಒಂದು ನೋಡೀನಿ. 84 ಸಾವಿರ ಓಡೈತಿ, ಬಾಡಿ ಖಡಕ್, ಹೊಸಾ ಸೀಟ್ ಕವರ್, ಹೊಸಾ ಮ್ಯಾಟ್. ಆದ್ರ ಸ್ಟಾರ್ಟ್ ಮಾಡಿದ ಕೂಡ್ಲೆ ಇಂಜಿನ್ ಕಟಕಟ ಅಂದು ಆಮ್ಯಾಲ ಸುಮ್ಮನಾಗತೈತಿ. ಏರ್‌ಬ್ಯಾಗ್ ದೀಪ ಒಮ್ಮೆ ಹತ್ತತೈತಿ, ಒಮ್ಮೆ ಇಲ್ಲ. ಏಜೆಂಟ "ಸೆನ್ಸರ್ ರೀ, ಎರಡು ಸಾವಿರದಾಗ ಮುಗೀತೈತಿ" ಅಂತಾನ. ನಾ ಕರ್ಕೊಂಡು ಹೋದ ಮೇಸ್ತ್ರಿ ಬಾನೆಟ್ ತಗದು "ಗಾಡಿ ಮಸ್ತ್ ಐತಿ" ಅಂದು ಚಾ ಕುಡದು ಹೋದ. ಸಂಜೀಕ ಟೋಕನ್ ಕೊಡ್ರಿ, ಇಲ್ಲಾಂದ್ರ ಇಳಕಲ್‌ದವ್ರು ಒಯ್ತಾರ ಅಂತ ಬೆನ್ನು ಹತ್ಯಾನ. ತಗೊಳ್ಳೋದೋ ಬಿಡೋದೋ, ಎರಡರಾಗ ಒಂದು ಹೇಳ್ರಿ. ಉಪದೇಶ ಬ್ಯಾಡ.

ಡೀಸೆಲ್ ದಾದಾ (ಚಿಕ್ಕೋಡಿ)
ಟೈಮಿಂಗ್ ಚೈನ್, ಇಂಜಿನ್ ವಾಲ್ವ್ ತಾಳಕ್ಕ ತಗದು ಮುಚ್ಚಸೋ ಸರಪಳಿ. ಬ್ಯಾರೆ ಮಾತೇ ಇಲ್ಲ. ಈ 1248 ಸಿಸಿ ಇಂಜಿನ್‌ಗೆ ಬೆಲ್ಟ್ ಇಲ್ಲ, ಚೈನ್ ಐತಿ. ಅದನ್ನ ಬಿಗಿ ಹಿಡಿಯೋ ಟೆನ್ಷನರ್ ಆಯಿಲ್ ಒತ್ತಡದ ಮ್ಯಾಲ ನಿಂತಿರತೈತಿ. ವ್ಯಾಳ್ಯಾಕ್ಕ ಆಯಿಲ್ ಬದಲಿ ಮಾಡ್ಲಿಲ್ಲಂದ್ರ ಚೈನ್ ಸಡ್ಲ ಆಗಿ, ಒತ್ತಡ ಏರೋತನ ಕಟಕಟ ಅಂತೈತಿ. ಚೈನ್ ಕಿಟ್ ಖರ್ಚು ರೇಟ್‌ನ್ಯಾಗ ಹಿಡಿ, ಗಾಡಿ ತಗೋ.

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)
ಯಾವ ವರ್ಷದ್ದು? ಎಷ್ಟನೇ ಓನರ್? ನಂಬರ್ ಯಾವ ಕಡಿದು? ಸರ್ವಿಸ್ ದಾಖಲೆ ಐತೇನು? ನೀವು ಹೋದಾಗ ಬಾನೆಟ್ ತಣ್ಣಗ ಇತ್ತೋ, ಮೊದ್ಲೇ ಚಾಲೂ ಮಾಡಿ ಬಿಸಿ ಮಾಡಿ ಇಟ್ಟಿದ್ರೋ? ಇದ್ಯಾವುದೂ ಬರೀದ ತಗೊಳ್ಲೋ ಬ್ಯಾಡೋ ಅಂದ್ರ ಜ್ಯೋತಿಷ್ಯದವರನ್ನ ಕೇಳ್ರಿ. ಇಂಜಿನ್ ಚಾಲೂ ಇದ್ದಾಗ ಆಯಿಲ್ ಕ್ಯಾಪ್ ತಗದು ನೋಡ್ರಿ. ಹೊಗಿ ಬುಸ್ ಬುಸ್ ಅಂತ ಬಂದ್ರ ಪಿಸ್ಟನ್ ರಿಂಗ್ ಸವದಾವ ಅಂತ ತಿಳೀರಿ.

ಘಟಪ್ರಭಾ_ದಂಡಿ
2013. ಎರಡನೇ ಓನರ್. ಕ್ಯಾಪ್ ತಗದ್ರ ಹೊಗಿ ಬರಾಂಗಿಲ್ಲ. ಬಾನೆಟ್ ಬೆಚ್ಚಗ ಇತ್ತು, "ಈಗಷ್ಟೇ ತೊಳಿಸ್ಕೊಂಡು ಬಂದೆ" ಅಂದ.

ಡೀಸೆಲ್ ದಾದಾ
ಬೆಚ್ಚಗಿದ್ರೂ ಸಪ್ಪಳ? ಹಂಗಾದ್ರ ಚೈನ್ ಭಾಳ ಸಡ್ಲ ಆಗೈತಿ. ಇನ್ನೇನು ಸಾಕ್ಷಿ ಬೇಕು?

ಗುಮ್ಮಟ 28 (ವಿಜಯಪುರ)
84 ಸಾವಿರ ಅನ್ನೋದನ್ನ ಮೊದಲು ಮರೀರಿ. ಮೀಟರ್ ತಿರುಗಿಸೋದು ಈಗ ಲ್ಯಾಪ್‌ಟಾಪ್ ಕೆಲಸ. ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದೆಯಾ, ಸ್ಟೀರಿಂಗ್ ಕೈ ಹಿಡಿಯೋ ಜಾಗದಲ್ಲಿ ಹೊಳೀತದಾ ನೋಡ್ರಿ. ಸ್ಟೆಪ್ನಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತಾವು. 2313 ಅಂದ್ರೆ 2013ರ 23ನೇ ವಾರ. ಗಾಡಿ ಜೊತೆ ಬಂದ ಸ್ಟೆಪ್ನಿ ಆಗಿದ್ರೆ ಅದು ಗಾಡಿ ವರ್ಷಕ್ಕೆ ಹೊಂದಬೇಕು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಓನರ್ ಹೆಸರಿನಿಂದ ಕೇಳಿಸಿದ್ರೆ ಎಲ್ಲಾ ಸರ್ವಿಸಿನ ತಾರೀಖು, ಕಿಲೋಮೀಟರ್ ಸಿಗ್ತದ. ಬಿಳಿ ಬೋರ್ಡ್ ಗಾಡಿಗೆ ಹದಿನೈದು ವರ್ಷದ ತನಕ ಹೊಗೆ ಪರೀಕ್ಷೆ ಬಿಟ್ರೆ ಸರ್ಕಾರದ ತಪಾಸಣೆ ಅಂತ ಯಾವುದೂ ಇಲ್ಲ. ಎಫ್‌ಸಿ (ಗಾಡಿ ಓಡಾಟಕ್ಕೆ ಯೋಗ್ಯ ಅನ್ನೋ ಪತ್ರ) ಏನಿದ್ರೂ ಹಳದಿ ಬೋರ್ಡಿಗೆ. ಹಂಗಾಗಿ ನಿಮಗಿರೋದು ಈ ಸರ್ವಿಸ್ ಪಟ್ಟಿ ಒಂದೇ.

ಹಳೇ ಇಂಡಿಕಾ (ಜಮಖಂಡಿ)
ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಗುಜರಿಗೆ ಹಾಕಬೇಕಂತಲ್ಲ? ಯಾಕ ತಗೋತೀರಿ?

ಉದ್ಯಮಬಾಗ ಫಿಟ್ಟರ್
ಅದು ದಿಲ್ಲಿ ಸುತ್ತಮುತ್ತಿನ ಕಾನೂನು ಅಣ್ಣಾ. ನಮ್ಮ ಕಡೆ 2028ರತನ ಓಡ್ತೈತಿ. ಆಮ್ಯಾಲ ಆರ್‌ಟಿಓದಾಗ ತೋರಿಸಿ ಐದೈದು ವರ್ಷಕ್ಕ ನವೀಕರಣ. ಮೊದಲು 600 ರೂಪಾಯಿ ಇದ್ದ ಫೀ 2022ರ ಏಪ್ರಿಲ್‌ನ್ಯಾಗ 5000 ಮಾಡಿದ್ರು ಅಷ್ಟ.

ಘಟಪ್ರಭಾ_ದಂಡಿ
ಸರ್ವಿಸ್ ಪಟ್ಟಿ ಸಿಕ್ತು, ಏಜೆಂಟನ ಕೂಡ ಜಗಳಾಡಿ ತರಿಸ್ಕೊಂಡೆ. 2019 ಜೂನ್‌ನ್ಯಾಗ 61 ಸಾವಿರ, ಮಿರಜದಾಗ. ಅಲ್ಲಿಂದ ಏನೂ ಇಲ್ಲ. 2021 ಜನವರಿಗೆ 66 ಸಾವಿರ. ಮೀಟರ್ ಸರಿ ಐತಿ ಅಂದಂಗಾತು, ಹೌದಿಲ್ಲೋ?

ಉದ್ಯಮಬಾಗ ಫಿಟ್ಟರ್
ಮಿರಜ? ನಂಬರ್ ಯಾವ ಕಡಿದು ಅಂತ ಅವಾಗ್ಲೇ ಕೇಳಿದ್ದೆ.

ಘಟಪ್ರಭಾ_ದಂಡಿ
ಎಂಎಚ್ 10. ಎನ್‌ಒಸಿ (ಅಲ್ಲಿಯ ಆರ್‌ಟಿಓದ ಒಪ್ಪಿಗೆ ಪತ್ರ) ಅವನ ಮಾಡಿಸಿ ಕೊಡ್ತಾನಂತ, ಅದಕ್ಕ ಬರೀಲಿಲ್ಲ. ಅದಕ್ಕೂ ಏರ್‌ಬ್ಯಾಗ್‌ಗೂ ಏನು ಸಂಬಂಧ?

ಉದ್ಯಮಬಾಗ ಫಿಟ್ಟರ್
ಸಂಬಂಧ ಐತಿ. ಎಂಎಚ್ 10 ಅಂದ್ರ ಸಾಂಗ್ಲಿ. 2019 ಆಗಸ್ಟ್‌ನ್ಯಾಗ ಸಾಂಗ್ಲಿ, ಕೊಲ್ಹಾಪುರ ಅರ್ಧ ನೀರಾಗಿತ್ತು, ಹೈವೇನೇ ಬಂದ್ ಆಗಿತ್ತು. ಜೂನ್‌ತನ ಕರೆಕ್ಟಾಗಿ ಸರ್ವಿಸ್ ಆದ ಗಾಡಿ ಆಮ್ಯಾಲ ಒಂದೂವರಿ ವರ್ಷ ಕಂಪನಿ ಗ್ಯಾರೇಜಿನ ಮಾರಿ ನೋಡಿಲ್ಲ. ಮೊದಲನೇ ಓನರ್ ಯಾವಾಗ ಮಾರಿದ ಅಂತ ಕೇಳ್ರಿ.
ಏರ್‌ಬ್ಯಾಗ್‌ನ ಕಂಟ್ರೋಲ್ ಡಬ್ಬಿ ಸಾಮಾನ್ಯವಾಗಿ ಗೇರ್ ಲಿವರ್ ಹತ್ರ ನೆಲಕ್ಕ ಹತ್ತಿ ಕುಂತಿರತೈತಿ. ನೀರು ಕಾರ್ಪೆಟ್ ಏರಿದ್ರ ಮೊದಲು ತೊಯ್ಯೋದ ಅದು. ಪಿನ್‌ಗೆ ಹಸರು ಕಿಲುಬು ಹಿಡಿದ್ರ ದೀಪ ಹಿಂಗ ಆಟ ಆಡ್ತೈತಿ, ಥಂಡಿ ಇದ್ರ ಹತ್ತತೈತಿ, ಒಣಗಿದ್ರ ಆರತೈತಿ.
ಮ್ಯಾಟ್, ಸೀಟ್ ಕವರ್ ಹೊಸಾವು, ಅವನ್ನ ನೋಡಬ್ಯಾಡ್ರಿ. ಹಿಂದಿನ ಸೀಟ್ ಬೆಲ್ಟ್ ಪೂರ್ತಿ ಕಡೀತನ ಎಳೀರಿ. ತೊಳ್ಯೋರು ಕಾಣೋವಷ್ಟ ತೊಳೀತಾರ, ಸುರುಳಿ ಒಳಗಿಂದು ಹಂಗ ಉಳೀತೈತಿ, ಅಲ್ಲಿ ಕಂದು ಗೆರಿ ಐತೇನು ನೋಡ್ರಿ. ಸ್ಟೆಪ್ನಿ ಎತ್ತಿ ಅದರ ಕೆಳಗಿನ ತಗ್ಗಿನ್ಯಾಗ ಬಟ್ಟು ಆಡಿಸ್ರಿ. ಸೀಟ್ ರೈಲಿನ ಬೋಲ್ಟ್ ತುಕ್ಕು ಹಿಡಿದಾವೇನು, ಡ್ಯಾಶ್‌ಬೋರ್ಡ್ ಕೆಳಗಿನ ನಮದಾ ಮುಗ್ಗಲ ವಾಸನಿ ಹೊಡೀತೈತೇನು, ಫ್ಯೂಸ್ ಬಾಕ್ಸ್ ತಗದು ಕಾಲು ನೋಡ್ರಿ. ಎಸಿ ಬಂದ್ ಮಾಡಿ ಕಾಜು ಏರಿಸಿ ಸ್ವಲ್ಪ ಹೊತ್ತು ಕುಂದರ್ರಿ, ಮೂಗು ಸುಳ್ಳು ಹೇಳಂಗಿಲ್ಲ.

ಹಳೇ ಇಂಡಿಕಾ
ಸಾಂಗ್ಲಿ ಮುಳುಗಿದ್ದು ಆಲಮಟ್ಟಿ ಹಿನ್ನೀರಿಂದ ಅಂತ ಅಲ್ಲಿ ನಮ್ಮ ಬೀಗರು ಇನ್ನೂ ಬೈತಾರ.

ಗುಮ್ಮಟ 28
ಅದೊಂದು ಶುರುವಾಯ್ತು ನೋಡ್ರಿ. 519.60 ಮೀಟರಿಗೆ ನಿಂತ ನೀರು ಸಾಂಗ್ಲಿ ತನಕ ಏರ್ತದಾ? ಕೊಯ್ನಾದಿಂದ ಬಿಟ್ಟಿದ್ದು, ಘಟ್ಟದ ಮಳೆ, ಪಂಚಗಂಗಾ ಎಲ್ಲಾ ಸೇರಿ ಬಂದದ್ದು ಅದು. ನಮ್ಮ ಹಳ್ಳಿಗಳು ಮುಳುಗಿದ್ದನ್ನ ಯಾರು ಕೇಳ್ಯಾರ?

ಹಳೇ ಇಂಡಿಕಾ
ನಾ ಅಂದಿಲ್ಲ ಮಾರಾಯಾ, ಬೀಗರು ಅಂತಾರ ಅಂದೆ.

ನಿರ್ವಾಹಕ
ಆಲಮಟ್ಟಿ ಇಲ್ಲಿ ಬ್ಯಾಡ. ಗಾಡಿ ಬಗ್ಗೆ ಅಷ್ಟ ಬರೀರಿ.

ಗುಮ್ಮಟ 28
ಸರಿ. ಹಳೇ ಇನ್ಶೂರೆನ್ಸ್ ಪಾಲಿಸಿ ಕೇಳ್ರಿ. 2019ರ ನಂತರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಸಿಗೋ ರಿಯಾಯಿತಿ) ಸೊನ್ನೆಗೆ ಬಿದ್ದಿದ್ರೆ ಕ್ಲೇಮ್ ಆಗಿದೆ ಅಂತ ಅರ್ಥ.

ಉದ್ಯಮಬಾಗ ಫಿಟ್ಟರ್
ಬೋನಸ್ ಮನಿಷ್ಯಾನದು, ಗಾಡಿದಲ್ಲ. ಓನರ್ ಬದಲಾದ್ರ ಅದು ಹೆಂಗಿದ್ರೂ ಸೊನ್ನೆಯಿಂದನ ಶುರು. ಮೊದಲನೇ ಓನರ್ ಹೆಸರಿನ ಪಾಲಿಸಿ ಸಿಕ್ಕರಷ್ಟ ಉಪಯೋಗ.

ಗುಮ್ಮಟ 28
ಸಿಕ್ಕರೆ ಅಂತಲೇ ನಾನೂ ಹೇಳಿದ್ದು. ಇನ್ನೊಂದು, ಮಹಾರಾಷ್ಟ್ರದ ಗಾಡಿ ತಂದು 30 ದಿನದೊಳಗೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕು, ಮರೀಬ್ಯಾಡ್ರಿ.

ಉದ್ಯಮಬಾಗ ಫಿಟ್ಟರ್
30 ದಿನದ ನಿಯಮ ಹೈಕೋರ್ಟ್‌ನ್ಯಾಗ ನಿಲ್ಲಲಿಲ್ಲ. ಬ್ಯಾರೆ ರಾಜ್ಯದ ನಂಬರ್ ಇಟ್ಕೊಂಡು ಓಡ್ಸಾಕ ಮೋಟಾರು ಕಾಯ್ದೆಯಾಗ ಹನ್ನೆರಡು ತಿಂಗಳ ಅವಕಾಶ ಐತಿ. ಆದ್ರ ಇವರು ಖರೀದಿ ಮಾಡಿ ಇಲ್ಲೇ ಇಟ್ಕೊಳ್ಳೋರು. ಸಾಂಗ್ಲಿ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಒಸಿ, ಸಾಲ ಇದ್ರ ಬ್ಯಾಂಕಿಂದ ಫಾರ್ಮ್ 35, ವರ್ಗಾವಣೆಗೆ 29 ಮತ್ತು 30, ಮ್ಯಾಲ ಗಾಡಿ ವಯಸ್ಸಿನ ಪ್ರಕಾರ ಇಲ್ಲಿಯ ಆಜೀವ ತೆರಿಗೆ. ಮಹಾರಾಷ್ಟ್ರದಾಗ ಕಟ್ಟಿದ್ದರಾಗ ಉಳಿದ ವರ್ಷದ ಪಾಲು ವಾಪಸ್ ಕೇಳಬಹುದು, ಓಡ್ಯಾಡೋ ತಾಕತ್ತು ಇದ್ರ. ಇದನ್ನೆಲ್ಲಾ ಕೂಡಿಸಿದ್ರ ಆ "ಕಡಿಮಿ ರೇಟ್" ಕಡಿಮಿ ಉಳಿಯಂಗಿಲ್ಲ.

ಡೀಸೆಲ್ ದಾದಾ
ಎಲ್ಲಾರೂ ಕಾಗದಾ ಹಿಡ್ಕೊಂಡು ಕುಂತೀರಿ. ಚೈನ್ ಬಗ್ಗೆ ಯಾರೂ ಮಾತಾಡವಲ್ಲರು.

ಹಳೇ ಇಂಡಿಕಾ
ನನ್ನ 2006ರ ಇಂಡಿಕಾ ಇನ್ನೂ ಅರ್ಧ ಸೆಲ್ಫ್‌ಗೆ ಚಾಲೂ ಆಗತೈತಿ. ಏರ್‌ಬ್ಯಾಗೂ ಇಲ್ಲ, ದೀಪನೂ ಇಲ್ಲ, ಚಿಂತಿನೂ ಇಲ್ಲ. ಕಬ್ಬಿನ ಸೀಜನ್‌ನ್ಯಾಗ ಟ್ರ್ಯಾಕ್ಟರ್ ಹಿಂದ ದಿನಾ ಮುಧೋಳಕ್ಕ ಹೋಗಿ ಬರ್ತೀನಿ. ಇಂಜಿನ್ ಹೆಡ್ ಒಮ್ಮೆನೂ ಬಿಚ್ಚಿಲ್ಲ.

ಡೀಸೆಲ್ ದಾದಾ
ಎಸಿ ಹಾಕಿ ಏರು ಹತ್ತಿಸಿ ತೋರಿಸ್ರಿ ಕಾಕಾ, ಆಮ್ಯಾಲ ಮಾತಾಡೂಣು.

ಘಟಪ್ರಭಾ_ದಂಡಿ
ಹೋಗಿ ನೋಡಿ ಬಂದೆ. ಬೆಲ್ಟ್ ಎಳದೆ. ಮೊದಲು ಕರೇದು ಸ್ವಚ್ಛ ಇತ್ತು, ಕಡೀಕ ಬಂದಾಗ ಒಂದು ಗೇಣು ಮಣ್ಣಿನ ಬಣ್ಣ, ಮ್ಯಾಲ ಸರಳ ಗೆರಿ. ಸ್ಟೆಪ್ನಿ ಕೆಳಗ ಬಟ್ಟು ಆಡಿಸಿದ್ರ ಹಿಟ್ಟಿನಂಗ ನುಣ್ಣನ ಮಣ್ಣು ಬಂತು, ಜ್ಯಾಕ್ ಇಡೋ ಸಂದಿನ್ಯಾಗ ಗಟ್ಟಿ ಆಗಿ ಕುಂತೈತಿ. ಏಜೆಂಟ "ಮಳಿಗಾಲದ್ದು ರೀ" ಅಂದ. ಡಿಕ್ಕಿ ಒಳಗ ಮಳಿ ಬೀಳತೈತೇನ್ರಿ?
ಗೆಳೆಯಾನ ಹತ್ರ ಬ್ಲೂಟೂತ್ ಸ್ಕ್ಯಾನರ್ ಇತ್ತು, ಹಚ್ಚಿ ನೋಡಿದ್ವಿ. ಇಂಜಿನ್‌ನ ದೋಷ ತೋರಿಸೋ ಕೋಡ್ ಒಂದೂ ಇಲ್ಲ. ಇದರ ಅರ್ಥ ಇಂಜಿನ್ ಚೊಲೋ ಐತಿ ಅಂತನಾ?

ಉದ್ಯಮಬಾಗ ಫಿಟ್ಟರ್
ಅದರಾಗ "ಕೋಡ್ ಅಳಿಸಿದ ಮ್ಯಾಲ ಓಡಿದ ದೂರ" ಅಂತ ಒಂದು ಸಾಲು ಇರತೈತಿ. ಎಷ್ಟು ತೋರಸ್ತು? ಆ ಅಗ್ಗದ ಡಬ್ಬಿ ಏರ್‌ಬ್ಯಾಗ್ ಕೋಡ್ ಓದಂಗಿಲ್ಲ, ಇಂಜಿನ್‌ದಷ್ಟ.

ಘಟಪ್ರಭಾ_ದಂಡಿ
11 ಕಿಲೋಮೀಟರ್.

ಉದ್ಯಮಬಾಗ ಫಿಟ್ಟರ್
ಅಂದ್ರ ಮುಂಜಾನೆ ಅಳಿಸಿ ನಿಮ್ಮ ಮುಂದ ತಂದು ನಿಲ್ಲಿಸ್ಯಾನ. ಬಿಡ್ರಿ ಇದನ್ನ. ನೆಲದ ವೈರಿಂಗ್‌ಗೆ ಒಮ್ಮೆ ಹೊಳಿ ನೀರು ಹೊಕ್ಕಿದ್ರ ಇವತ್ತು ಏರ್‌ಬ್ಯಾಗ್, ನಾಳೆ ಎಬಿಎಸ್ ಬ್ರೇಕ್, ನಾಡಿದ್ದು ಪವರ್ ವಿಂಡೋ. ಒಂದು ಪಿನ್ ಸ್ವಚ್ಛ ಮಾಡಿದ್ರ ಇನ್ನೊಂದು ಕೈ ಕೊಡ್ತೈತಿ. ಖರೇ ಹೊಡತ ಬಿದ್ದಾಗ ಬ್ಯಾಗ್ ತಗೀತೈತೋ ಇಲ್ಲೋ ಅನ್ನೋದು ಬ್ಯಾರೆ. ದಾದಾ ಹೇಳೋ ಕಟಕಟನೂ ಸುಳ್ಳಲ್ಲ, ನೀರು ಹೊಕ್ಕ ಆಯಿಲ್‌ನ್ಯಾಗ ಇಂಜಿನ್ ತಿರುಗಿಸಿದ್ರ ಬೇರಿಂಗ್, ಚೈನ್ ಎರಡೂ ಸವೀತಾವ.

ಡೀಸೆಲ್ ದಾದಾ
ನಾ ಮೊದಲನೇ ಸಾಲಿನ್ಯಾಗ ಹೇಳಿದ್ದೆ.

ಘಟಪ್ರಭಾ_ದಂಡಿ
ಈಗ ಏಜೆಂಟ ಫೋನ್ ಮಾಡಿ 60 ಸಾವಿರ ಇಳಿಸ್ತೀನಿ ಅಂತಾನ. ಮನ್ಯಾಗ ಎಲ್ಲಾರಿಗೂ ಬಣ್ಣ ಹಿಡಿಸೈತಿ.

ಗುಮ್ಮಟ 28
ಒಂದೇ ಮಾತಿಗೆ 60 ಸಾವಿರ ಇಳಿಸೋನು ಅದು ಎಷ್ಟಕ್ಕೆ ತಂದಿರಬೇಕು ಅಂತ ಮನೆಯವರಿಗೆ ಕೇಳ್ರಿ.

ಬಸವನಬಾಗೇವಾಡಿ ಹುಡುಗ
ಅಣ್ಣಾರ, ನಡುವ ಬಾಯಿ ಹಾಕ್ತೀನಿ, ಬೇಜಾರಾಗಬ್ಯಾಡ್ರಿ. ನಾ ಕೆಎ 28 ಬೊಲೆರೋ ನೋಡೀನಿ, ಮೊದಲು ಹಳದಿ ಬೋರ್ಡ್ ಇತ್ತಂತ, ಈಗ ಬಿಳಿ. ಅದನ್ನೂ ಹಿಂಗ ನೋಡಬೇಕೇನು?

ಗುಮ್ಮಟ 28
ಅದು ಚೊಲೋ, ಅದಕ್ಕೆ ಎಫ್‌ಸಿ ಇತಿಹಾಸ ಇರ್ತದ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಾ ವರ್ಷಾ ಆಗಿರಬೇಕು. ಪರ್ಮಿಟ್ ಸರೆಂಡರ್ ಮಾಡಿದ ಕಾಗದ ಕೇಳು, ಎಂಪರಿವಾಹನ ಆ್ಯಪ್‌ನಲ್ಲಿ ಗಾಡಿ ವರ್ಗ ಖಾಸಗಿ ಅಂತ ಬದಲಾಗಿದೆಯಾ ನೋಡು, ಬಾಕಿ ಚಲನ್ ನೋಡು. ಉಳಿದದ್ದಕ್ಕೆ ಬೇರೆ ಚರ್ಚೆ ತೆಗಿ ತಮ್ಮಾ, ಇಲ್ಲಿ ಕಲಸುಮೇಲೋಗರ ಆಗ್ತದ.

ಡೀಸೆಲ್ ದಾದಾ
ದಂಡಿ ಸಾಹೇಬ್ರ, ತಗೊಳ್ರಿ ಬಿಡ್ರಿ, ಆ ಕಟಕಟ ಸಪ್ಪಳ ಫೋನಿನ್ಯಾಗ ರೆಕಾರ್ಡ್ ಮಾಡಿ ಹಾಕ್ರಿ. ಚೈನೋ ಬೇರಿಂಗೋ ಕೇಳಿ ಹೇಳ್ತೀನಿ.